ಮನೆಯ ವರ್ಕ್‌ಶಾಪ್ ಗೋಡೆಗಳ ಒಳಫಿನಿಶಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾರೇಜು, ಶೆಡ್ಡು ಅಥವಾ ಖಾಲಿ ಬಿದ್ದ ಕೋಣೆ, ಯಾವುದಾದರೂ ಇರಲಿ. ಮರಗೆಲಸಕ್ಕೋ ರಿಪೇರಿ ಕೆಲಸಕ್ಕೋ ಜಾಗ ಸಿಕ್ಕಿದೆ, ಗೋಡೆಗೆ ಏನು ಮಾಡೋದು ಅಂತ ತಿಳಿಯುತ್ತಿಲ್ಲ ಎನ್ನುವವರಿಗೆ ಈ ಪುಟ. ಕೆಳಗಿನ ಉತ್ತರಗಳೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿವೆ. ವರ್ಕ್‌ಶಾಪಿನ ಗೋಡೆ ತೂಕ ಹೊರಬೇಕು, ಏಟು ತಡೆಯಬೇಕು, ಬೇಕಾದಾಗ ಬಿಚ್ಚಲು ಬರಬೇಕು. ಚೆಂದದ ವಿಚಾರ ಆಮೇಲೆ.

ಗೋಡೆಯನ್ನು ಇದ್ದ ಹಾಗೇ ಬಿಟ್ಟರೆ ಏನಾಗುತ್ತದೆ?

ಕೆಲಸವೇನೂ ನಿಲ್ಲುವುದಿಲ್ಲ. ಎಷ್ಟೋ ಜನ ಬರಿ ಇಟ್ಟಿಗೆ ಗೋಡೆಯ ನಡುವೆಯೇ ಒಳ್ಳೆಯ ಕೆಲಸ ಮಾಡುತ್ತಾರೆ. ಆದರೆ ಮೂರು ತೊಂದರೆ ತಪ್ಪುವುದಿಲ್ಲ. ಬೆಳಕು ಸಾಲುವುದಿಲ್ಲ, ಏಕೆಂದರೆ ಒರಟು ಕಪ್ಪು ಗೋಡೆ ಬೆಳಕನ್ನು ನುಂಗುತ್ತದೆ. ಇಟ್ಟಿಗೆ ಸಂದಿಯಲ್ಲೂ ಮರದ ಚೌಕಟ್ಟಿನ ಅಡ್ಡಪಟ್ಟಿಗಳ ಮೇಲೂ ಹುಡಿ ಕೂರುತ್ತದೆ, ಎಷ್ಟು ಗುಡಿಸಿದರೂ ಹೋಗುವುದಿಲ್ಲ. ಇನ್ನು ಉಪಕರಣ ತೂಗಿಹಾಕಬೇಕು ಎಂದಾಗಲೆಲ್ಲ ಡ್ರಿಲ್ ಹಿಡಿದು ಹೊಸ ತೂತು ಕೊರೆಯಬೇಕು. ಈ ಮೂರರಲ್ಲಿ ನಿಮ್ಮನ್ನು ಯಾವುದು ಜಾಸ್ತಿ ಕಾಡುತ್ತಿದೆ ನೋಡಿ. ಬರಿ ಬೆಳಕಿನ ಸಮಸ್ಯೆಯಾದರೆ ಒಂದು ಡಬ್ಬಿ ಬಿಳಿ ಬಣ್ಣ ಸಾಕು, ಪ್ಲೈವುಡ್ ಶೀಟು ಗೀಟು ಏನೂ ಬೇಡ.

ಕೆಲಸ ಯಾವ ಕ್ರಮದಲ್ಲಿ ಆಗಬೇಕು?

ಮೊದಲು ತೇವ. ಆಮೇಲೆ ವೈರಿಂಗ್, ಇನ್ಸುಲೇಶನ್ (ಕಾವು ತಡೆಯುವ ಪದರ), ಶೀಟು, ಬಣ್ಣ, ಕೊನೆಗೆ ಕಪಾಟು ಮತ್ತು ಕೊಕ್ಕೆ. ಇದರಲ್ಲಿ ಒಂದನ್ನು ಹಾರಿಸಿದರೂ ಮುಂದೆ ಗೋಡೆ ಬಿಚ್ಚಬೇಕಾಗುತ್ತದೆ. ಬೆಂಚು ಎಲ್ಲಿ ಬರುತ್ತದೆ, ದೊಡ್ಡ ಮೆಷಿನ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ವೈರಿಂಗಿಗೂ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ನೋಡಿ. ಕಾಗದದ ಮೇಲೆ ಹಿಡಿಸಿದ ಬೆಂಚು ಎಷ್ಟೋ ಸಲ ಬಾಗಿಲಿಗೆ ಅಡ್ಡ ಬರುತ್ತದೆ.

ಗೋಡೆಯಲ್ಲಿ ತೇವ ಇದೆಯೇ ಇಲ್ಲವೇ ಅಂತ ತಿಳಿಯುವುದು ಹೇಗೆ?

ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಯ ಕೆಳಭಾಗದಲ್ಲಿ ಅದನ್ನು ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ. ಒಂದು ಇಡೀ ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆಗೆ, ಹನಿ ಕಟ್ಟಿದ್ದರೆ ಅಥವಾ ಅಷ್ಟು ಜಾಗದ ಗೋಡೆ ಕಪ್ಪಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ. ಅದಕ್ಕೆ ಕಿಟಕಿ ತೆರೆಯುವುದು, ಫ್ಯಾನ್ ಹಾಕುವುದು ದಾರಿ.

ಬಿಳಿ ಪುಡಿ ಎದ್ದಿದ್ದರೆ, ಸಿಮೆಂಟ್ ಹಕ್ಕಳೆ ಏಳುತ್ತಿದ್ದರೆ ಪರೀಕ್ಷೆಯೇ ಬೇಕಿಲ್ಲ. ಗೋಡೆಯಲ್ಲಿ ಓಡಾಡುವ ನೀರು ಒಳಗಿನ ಉಪ್ಪನ್ನು ಕರಗಿಸಿ ಹೊರಗೆ ತರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದರ ಮೇಲೆ ಎಷ್ಟೇ ದುಬಾರಿ ಬಣ್ಣ ಬಳಿದರೂ ಬುರುಗಿನ ಹಾಗೆ ಉಬ್ಬಿ ಉದುರುತ್ತದೆ. ಮೊದಲು ಹೊರಗಡೆ ನೋಡಿ. ಮಳೆನೀರಿನ ಪೈಪ್ ಗೋಡೆ ಬುಡಕ್ಕೇ ಸುರಿಯುತ್ತಿದೆಯಾ, ಹೊರಗಿನ ಮಣ್ಣಿನ ಮಟ್ಟ ಒಳಗಿನ ನೆಲಕ್ಕಿಂತ ಎತ್ತರ ಇದೆಯಾ, ಪೈಪ್ ಎಲ್ಲಾದರೂ ಸೋರುತ್ತಿದೆಯಾ. ಇವನ್ನು ಸರಿಮಾಡದೆ ಒಳಗಿನಿಂದ ವಾಟರ್‌ಪ್ರೂಫ್ ಬಳಿಯುವುದು ಸುಮ್ನೆ ದುಡ್ಡು ದಂಡ. ತೇವದ ಗೋಡೆಯನ್ನು ಪ್ಲೈವುಡ್ಡಿನಿಂದ ಮುಚ್ಚಿದರಂತೂ ಹಿಂದೆ ಬೂಷ್ಟು ಬೆಳೆಯುವುದು ನಿಮಗೆ ಕಾಣುವುದೂ ಇಲ್ಲ.

ಪ್ಲಾಸ್ಟರ್ ಈಗಷ್ಟೇ ಆಗಿದೆ. ಬಣ್ಣ ಯಾವಾಗ ಬಳಿಯಬಹುದು?

ಸಿಮೆಂಟ್ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಬಿಡಿ. ನೀರು ಆರಬೇಕು ಅನ್ನುವುದು ಒಂದು ಕಾರಣ. ಇನ್ನೊಂದು, ಹೊಸ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ, ಅದು ಬಣ್ಣವನ್ನು ತಿಂದುಬಿಡುತ್ತದೆ. ಅವಸರ ಇದ್ದರೂ ಕ್ಷಾರ ತಡೆಯುವ ಪ್ರೈಮರ್ ಇಲ್ಲದೆ ಮುಂದುವರಿಯಬೇಡಿ.

ಪ್ಲೈವುಡ್, ಓಎಸ್‌ಬಿ, ಜಿಪ್ಸಂ ಬೋರ್ಡ್: ಯಾವುದು ಒಳ್ಳೆಯದು?

ಎಲ್ಲರೂ ಕೇಳುವ ಪ್ರಶ್ನೆ ಇದೇ, ಜಗಳವೂ ಇದರ ಮೇಲೇ ಜಾಸ್ತಿ. ನನ್ನ ಮತ ಪ್ಲೈವುಡ್ಡಿಗೆ. ಯಾಕೆ ಎಂದು ಹೇಳುತ್ತೇನೆ.

12 ಮಿಲಿಮೀಟರ್ ಪ್ಲೈವುಡ್ಡಿಗೆ ಸುತ್ತಿಗೆಯೋ ಕೊಕ್ಕೆಯೋ ತೂಗಿಹಾಕಬೇಕಾದರೆ ಎಲ್ಲಿ ಬೇಕಾದರೂ ಒಂದು ಸ್ಕ್ರೂ ತಿರುಗಿಸಿದರೆ ಆಯಿತು. ಹಿಂದೆ ಮರದ ಪಟ್ಟಿ (ರೀಪು) ಇದೆಯಾ ಅಂತ ಗೋಡೆ ತಟ್ಟಿ ನೋಡುವ ಗೋಜಿಲ್ಲ. 18 ಮಿಲಿಮೀಟರ್ ಆದರೆ ಭಾರದ ಕಪಾಟಿಗೂ ನಿಶ್ಚಿಂತೆ. ಉದ್ದದ ಹಲಗೆಯ ತುದಿ ತಿರುಗಿ ಬಡಿದರೆ ಪ್ಲೈವುಡ್ಡಿನಲ್ಲಿ ಒಂದು ಗೀರು ಬೀಳುತ್ತದೆ. ಅದೇ ಏಟಿಗೆ ಜಿಪ್ಸಂ ಬೋರ್ಡಿನಲ್ಲಿ ಮುಷ್ಟಿ ಹಿಡಿಯುವಷ್ಟು ತೂತು ಬೀಳುತ್ತದೆ. ಬೇಡ ಎನಿಸಿದ ದಿನ ಸ್ಕ್ರೂ ಬಿಚ್ಚಿ ಶೀಟನ್ನು ಇಡಿಯಾಗಿ ತೆಗೆಯಬಹುದು. ವರ್ಕ್‌ಶಾಪಿನಲ್ಲಿ ಇದು ದೊಡ್ಡ ಗುಣ, ಏಕೆಂದರೆ ಹೊಸ ಮೆಷಿನ್ ಬಂದಾಗ ಹೊಸ ಪಾಯಿಂಟ್ ಬೇಕೇ ಬೇಕು.

ಓಎಸ್‌ಬಿ ಅಂದರೆ ಮರದ ಅಗಲ ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಶೀಟು. ಸ್ಕ್ರೂ ಹಿಡಿತ ಚೆನ್ನಾಗಿದೆ. ತೊಂದರೆ ಎರಡು. ಮೈ ಒರಟು, ಆದ್ದರಿಂದ ಹುಡಿ ಕೂರುತ್ತದೆ. ಅಂಚಿಗೆ ನೀರು ತಗುಲಿದರೆ ಉಬ್ಬುತ್ತದೆ, ಉಬ್ಬಿದ್ದು ಆರಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ದಪ್ಪವಾಗಿ ಬಣ್ಣ ಬಳಿಯುವ ತಾಳ್ಮೆ ಇದ್ದರೆ ಆಗಬಹುದು.

ಜಿಪ್ಸಂ ಬೋರ್ಡ್ ನಯವಾಗಿರುತ್ತದೆ, ಬೆಂಕಿ ತಡೆಯುತ್ತದೆ, ಸದ್ದು ತಡೆಯುವುದರಲ್ಲೂ ಮುಂದು. ಆದರೆ ತೂಕ ಹೊರುವುದಿಲ್ಲ. ಸ್ಕ್ರೂ ನೇರವಾಗಿ ಹಾಕಿದರೆ ಪುಡಿ ಉದುರಿ ತೂತು ದೊಡ್ಡದಾಗುತ್ತದೆ ಅಷ್ಟೇ. ಅದಕ್ಕೇ ಮೀಸಲಾದ ಆ್ಯಂಕರ್ ಹಾಕಬೇಕು, ಇಲ್ಲವೇ ಹಿಂದಿನ ಪಟ್ಟಿಗೇ ಹೊಡೆಯಬೇಕು.

ಎರಡೂ ಬೇಕು ಅಂದರೆ ಜಾಣ ದಾರಿ ಒಂದಿದೆ. ಸುತ್ತಲೂ ಜಿಪ್ಸಂ ಹಾಕಿ, ಬೆಂಚಿನ ಮಟ್ಟದಿಂದ ಕೈಗೆಟಕುವ ಎತ್ತರದವರೆಗೆ ಅದರ ಮೇಲೆ ಪ್ಲೈವುಡ್ ಹೊಡೆಯಿರಿ. ಸ್ಕ್ರೂಗಳು ಜಿಪ್ಸಂ ದಾಟಿ ಹಿಂದಿನ ಮರಕ್ಕೆ ಹೋಗಿರಬೇಕು. ಬೆಂಕಿಗೆ ಜಿಪ್ಸಂ, ಉಪಕರಣಕ್ಕೆ ಪ್ಲೈವುಡ್.

ನನ್ನದು ಇಟ್ಟಿಗೆ ಗೋಡೆ, ಪ್ಲಾಸ್ಟರ್ ಆಗಿದೆ. ಅದರ ಮೇಲೂ ಶೀಟ್ ಬೇಕೇ?

ನಾಲ್ಕೂ ಗೋಡೆಗೆ ಬೇಕಿಲ್ಲ. ಬೆಂಚಿನ ಹಿಂದಿನ ಗೋಡೆಯೊಂದಕ್ಕೆ ಹಾಕಿದರೆ ಸಾಕು, ಉಳಿದವಕ್ಕೆ ಪ್ರೈಮರ್ ಮತ್ತು ಬಣ್ಣ. ಪುಟ್ಟಿ ಬಳಿದು ಕನ್ನಡಿಯ ಹಾಗೆ ಮಾಡಲು ಹೋಗಬೇಡಿ. ಪುಟ್ಟಿಯ ಪದರ ಮೆತ್ತಗೆ, ಏಟು ಬಿದ್ದಲ್ಲೆಲ್ಲ ಸಿಪ್ಪೆ ಏಳುತ್ತದೆ. ಗುಳಿ, ಬಿರುಕು ಇದ್ದಲ್ಲಿ ಮಾತ್ರ ತುಂಬಿ ಬಿಡಿ.

ರೀಪು ಎಷ್ಟು ಅಂತರದಲ್ಲಿ ಹೊಡೆಯಬೇಕು?

ಸಾಮಾನ್ಯ ಶೀಟಿನ ಅಳತೆ 8 ಅಡಿ ಉದ್ದ, 4 ಅಡಿ ಅಗಲ, ಅಂದರೆ ಸುಮಾರು 244 ಮತ್ತು 122 ಸೆಂಟಿಮೀಟರ್. ಶೀಟಿನ ಎರಡು ಅಂಚೂ ರೀಪಿನ ಮೇಲೇ ಕೂರಬೇಕು. ಹಾಗಾಗಿ 4 ಅಡಿಯನ್ನು ಮೂರು ಭಾಗ ಮಾಡಿ 16 ಇಂಚಿಗೊಂದು, ಇಲ್ಲವೇ ಎರಡು ಭಾಗ ಮಾಡಿ 24 ಇಂಚಿಗೊಂದು ರೀಪು. ಅಳತೆ ರೀಪಿನ ನಡುವಿನಿಂದ ನಡುವಿಗೆ. ಸೆಂಟಿಮೀಟರ್ ಲೆಕ್ಕದವರು 16 ಇಂಚನ್ನು 40 ಅಂತ ಹಿಡಿಯಬೇಡಿ, 40.6 ಹಿಡಿಯಿರಿ. ಆ ಅರ್ಧ ಸೆಂಟಿಮೀಟರ್ ಕೂಡುತ್ತಾ ಹೋಗಿ ಎರಡನೇ ಶೀಟಿನ ಹೊತ್ತಿಗೆ ಅಂಚು ರೀಪಿನಿಂದ ಜಾರಿರುತ್ತದೆ. ಭಾರ ತೂಗುವ ಗೋಡೆಗೆ 16 ಇಂಚೇ ಸರಿ.

ಇಟ್ಟಿಗೆ ಗೋಡೆಗೆ ರೀಪು ಕೂರಿಸುವಾಗ ಮೊದಲು ಉದ್ದನೆಯ ನೇರ ಪಟ್ಟಿಯೊಂದನ್ನು ಗೋಡೆಗೆ ಅಡ್ಡಲಾಗಿ ಹಿಡಿದು, ಪಕ್ಕದಿಂದ ಟಾರ್ಚ್ ಬಿಡಿ. ಬೆಳಕು ನುಸುಳುವ ಕಡೆಯೆಲ್ಲ ಗೋಡೆ ಒಳಗೆ ಹೋಗಿದೆ. ಅಲ್ಲಿ ರೀಪಿನ ಹಿಂದೆ ತೆಳು ಚಕ್ಕೆ ಕೊಟ್ಟು ರಸಮಟ್ಟ ಇಟ್ಟು ನೋಡಿ, ಆಮೇಲೆ ಸ್ಕ್ರೂ ಬಿಗಿ ಮಾಡಿ. ಬಿಗಿಯಾದ ಮೇಲೂ ಇನ್ನೊಮ್ಮೆ ನೋಡಿ, ಬಿಗಿಯುವಾಗ ರೀಪು ಒಳಕ್ಕೆ ಎಳೆದುಕೊಳ್ಳುವುದುಂಟು.

ಶೀಟ್ ಹೊಡೆಯುವಾಗ ಅಂಚಿನಲ್ಲಿ 15 ಸೆಂಟಿಮೀಟರಿಗೆ ಒಂದು, ನಡುವೆ 30ಕ್ಕೆ ಒಂದು ಸ್ಕ್ರೂ ಸಾಕು. ಸ್ಕ್ರೂ ಶೀಟು ದಾಟಿ ಮರದೊಳಕ್ಕೆ ಕನಿಷ್ಠ 25 ಮಿಲಿಮೀಟರ್ ಹೋಗಿರಬೇಕು. ಎರಡು ಶೀಟುಗಳ ನಡುವೆ 3 ಮಿಲಿಮೀಟರ್ ಸಂದು ಬಿಡಿ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಶೀಟು ಹೊಟ್ಟೆ ಬಿಡುತ್ತದೆ. ಮೊಳೆ ಬೇಡ. ಮೊಳೆ ಹೊಡೆದ ಶೀಟನ್ನು ಕೆಡಿಸದೆ ಬಿಚ್ಚಲು ಆಗುವುದಿಲ್ಲ.

ವೈರಿಂಗ್ ಗೋಡೆಯೊಳಗೋ, ಹೊರಗಿನ ಪೈಪಿನಲ್ಲೋ?

ವರ್ಕ್‌ಶಾಪಿಗೆ ಹೊರಗಿನ ಪೈಪೇ ನನಗೆ ಇಷ್ಟ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ಒಪ್ಪಿದೆ. ಆದರೆ ವೈರ್ ಎಲ್ಲಿ ಹೋಗಿದೆ ಅಂತ ಕಣ್ಣಿಗೆ ಕಾಣುತ್ತದೆ, ಸ್ಕ್ರೂ ಹಾಕುವಾಗ ಭಯವಿಲ್ಲ, ಹೊಸ ಸಾಕೆಟ್ ಸೇರಿಸುವುದೂ ಸುಲಭ. ಒಳಗೇ ಬೇಕು ಎನ್ನುವವರು ಶೀಟ್ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಬರಿ ಫೋಟೋ ಸಾಲದು. ಅಳತೆ ಟೇಪನ್ನು ನೆಲದಿಂದ ಮೇಲಕ್ಕೆ ಎಳೆದು ಗೋಡೆಗೆ ಆನಿಸಿ, ಅಂಕಿಗಳು ಕಾಣುವ ಹಾಗೆ ತೆಗೆಯಿರಿ. ಅಡ್ಡಲಾಗಿ ಇಟ್ಟು ಇನ್ನೊಂದು. ವರ್ಷಗಳ ನಂತರ ಡ್ರಿಲ್ ಹಿಡಿದು ನಿಂತಾಗ ಆ ಅಂಕಿಗಳೇ ದಿಕ್ಕು.

ಸಾಕೆಟ್‌ಗಳ ಎತ್ತರದಲ್ಲಿ ಒಂದು ಉಪಾಯ ಇದೆ. ನೆಲದಿಂದ 125-130 ಸೆಂಟಿಮೀಟರಿಗೆ ಇಡಿ. 4 ಅಡಿ ಅಗಲದ ಶೀಟನ್ನು ಉದ್ದಕ್ಕೆ ಗೋಡೆಗೆ ಒರಗಿಸಿಟ್ಟರೂ ಸಾಕೆಟ್ ಮುಚ್ಚಿಹೋಗುವುದಿಲ್ಲ. ಬೆಂಚಿಗಿಂತ ಮೇಲೆ ಇರುವುದರಿಂದ ಬಗ್ಗಿ ತಡಕಾಡುವುದೂ ತಪ್ಪುತ್ತದೆ. ದೀಪಕ್ಕೂ ಮೆಷಿನ್‌ಗಳಿಗೂ ಬೇರೆ ಬೇರೆ ಸರ್ಕ್ಯೂಟ್ ಇರಲಿ. ಗರಗಸ ತಿರುಗುತ್ತಿರುವಾಗ ಬ್ರೇಕರ್ ಬಿದ್ದು ಕತ್ತಲಾದರೆ ಬ್ಲೇಡು ಇನ್ನೂ ತಿರುಗುತ್ತಲೇ ಇರುತ್ತದೆ, ನೆನಪಿರಲಿ. ಕರೆಂಟ್ ಸೋರಿದರೆ ಟ್ರಿಪ್ ಆಗುವ ರಕ್ಷಣೆ ಇರಲೇಬೇಕು. ಕನೆಕ್ಷನ್ ಕೊಡುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಇನ್ಸುಲೇಶನ್ ಬೇಕೇ?

ಕೋಣೆಯನ್ನು ಬಿಸಿ ಅಥವಾ ತಂಪು ಮಾಡುವ ಯೋಚನೆ ಇದ್ದರೆ ಬೇಕು. ಬಾಗಿಲು ಕಿಟಕಿ ಸದಾ ತೆರೆದಿಟ್ಟು ಕೆಲಸ ಮಾಡುವವರಾದರೆ ಗೋಡೆಗಿಂತ ಮೊದಲು ಚಾವಣಿ ನೋಡಿ, ಬಿಸಿಲಿನ ಕಾವು ಜಾಸ್ತಿ ಇಳಿಯುವುದು ಅಲ್ಲಿಂದ.

ಗ್ಲಾಸ್‌ವುಲ್ ಅಥವಾ ರಾಕ್‌ವುಲ್ (ಗಾಜಿನ ಅಥವಾ ಕಲ್ಲಿನ ಎಳೆಗಳ ಹತ್ತಿಯಂಥ ಹಾಸು) ತುಂಬುವಾಗ ತುಂಬುತೋಳಿನ ಅಂಗಿ, ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ನವೆ ತಡೆಯಲಾಗದು. ಒತ್ತಿ ಒತ್ತಿ ತುರುಕಬೇಡಿ. ಅದರಲ್ಲಿ ಕಾವು ತಡೆಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಒತ್ತಿದರೆ ಗಾಳಿ ಹೋಗಿ ಗುಣ ಕಡಿಮೆಯಾಗುತ್ತದೆ.

ತೇವ ಗೋಡೆಯೊಳಗೆ ಹೋಗದಂತೆ ಶೀಟಿನ ಹಿಂದೆ ಪ್ಲಾಸ್ಟಿಕ್ ಹಾಳೆ ಹಾಕಬೇಕೇ ಎಂಬುದು ಹವೆಯ ಮೇಲಿದೆ. ಹಿಮ ಬೀಳುವಂಥ ಚಳಿ ಜಾಗದಲ್ಲಿ ಬೆಚ್ಚಗಿನ ಬದಿಗೆ, ಅಂದರೆ ಒಳಗಡೆಗೆ ಹಾಕುತ್ತಾರೆ. ಸೆಕೆ ಮತ್ತು ತೇವ ಎರಡೂ ಇರುವ ಕಡೆ, ಅದರಲ್ಲೂ ಏಸಿ ಹಾಕಿದ ಕೋಣೆಯಲ್ಲಿ, ಅದೇ ಹಾಳೆ ಹೊರಗಿನಿಂದ ಬಂದ ತೇವವನ್ನು ಗೋಡೆಯೊಳಗೇ ಹಿಡಿದಿಟ್ಟು ಮರವನ್ನು ಕೊಳೆಸುತ್ತದೆ. ಒಂದು ಕಡೆಯ ಸಲಹೆಯನ್ನು ಇನ್ನೊಂದು ಕಡೆ ಕಣ್ಣುಮುಚ್ಚಿ ಹಿಡಿಯಬಾರದು ಅನ್ನುವುದು ಅದಕ್ಕೇ.

ಥರ್ಮೋಕೋಲ್ ಅಥವಾ ಫೋಮ್ ಶೀಟ್ ಅಂಟಿಸಿ ಹಾಗೇ ಬಿಡಬಹುದೇ?

ಬೇಡ. ಖಂಡಿತ ಬೇಡ. ಬೆಂಕಿ ತಗುಲಿದರೆ ಇವು ಬಹಳ ಬೇಗ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತವೆ. ಗ್ರೈಂಡರಿನ ಕಿಡಿ ಹಾರುವ ಕೋಣೆಯಲ್ಲಿ ಫೋಮ್ ಇದ್ದರೆ ಅದರ ಮೇಲೆ ಜಿಪ್ಸಂ ಬೋರ್ಡ್ ಮುಚ್ಚಿಗೆ ಇರಲೇಬೇಕು.

ಹಾಗಾದರೆ ಪ್ಲೈವುಡ್ ಗೋಡೆ ಬೆಂಕಿಗೆ ಅಪಾಯವಲ್ಲವೇ?

ಮರ ಉರಿಯುತ್ತದೆ, ಅದನ್ನು ಮುಚ್ಚಿಡುವಂತಿಲ್ಲ. ಜಿಪ್ಸಂ ಬೆಂಕಿ ತಡೆಯುವ ಗುಟ್ಟು ಅದರೊಳಗಿನ ನೀರಿನಲ್ಲಿದೆ. ಶುದ್ಧ ಜಿಪ್ಸಂನ ತೂಕದಲ್ಲಿ ಸುಮಾರು 21 ಶೇಕಡಾ ನೀರು, ಹರಳಿನೊಳಗೆ ಕಟ್ಟಿಕೊಂಡಿರುತ್ತದೆ. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಹೊರಬರಬೇಕು, ಅಲ್ಲಿಯವರೆಗೆ ಹಿಂದಿನ ಮರ ಹೆಚ್ಚು ಕಾಯುವುದಿಲ್ಲ. ಹೊರಗೆ ಓಡಲು ಸಮಯ ಸಿಗುತ್ತದೆ.

ವರ್ಕ್‌ಶಾಪ್ ಮನೆಗೆ ಅಂಟಿಕೊಂಡಿದ್ದು ನಡುವಿನ ಗೋಡೆ ಮರದ ಚೌಕಟ್ಟಿನದಾದರೆ ಆ ಗೋಡೆಗೂ, ಮೇಲೆ ಮಲಗುವ ಕೋಣೆ ಇದ್ದರೆ ಚಾವಣಿಗೂ ಜಿಪ್ಸಂ ಹಾಕಿ. ಹಲವು ದೇಶಗಳಲ್ಲಿ ಇದು ಕಟ್ಟಡ ನಿಯಮವೇ ಆಗಿದೆ, ನಿಮ್ಮಲ್ಲಿ ಏನಿದೆ ವಿಚಾರಿಸಿ. ಪೈಪ್, ವೈರ್ ಹಾದುಹೋಗುವ ತೂತುಗಳನ್ನು ಬೆಂಕಿ ತಡೆಯುವ ಸೀಲೆಂಟಿನಿಂದ ಮುಚ್ಚಿ. ಇಟ್ಟಿಗೆ ಗೋಡೆಯವರಿಗೆ ಈ ಚಿಂತೆ ಎಷ್ಟೋ ಕಡಿಮೆ. ಇನ್ನೊಂದು ಮಾತು, ಗೋಡೆಗೆ ಸಂಬಂಧ ಇಲ್ಲದಿದ್ದರೂ ಹೇಳಿಬಿಡುತ್ತೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಿ.

ಪಕ್ಕದ ಮನೆಗೆ ಸದ್ದು ಕೇಳಿಸಬಾರದು. ಏನು ಮಾಡಲಿ?

ಮೊದಲು ನಿರಾಸೆಯ ಮಾತು. ಮೊಟ್ಟೆ ಟ್ರೇ, ತೆಳು ಸ್ಪಂಜು ಇವು ಸದ್ದನ್ನು ಹೊರಗೆ ಹೋಗದಂತೆ ತಡೆಯುವುದಿಲ್ಲ. ಸ್ಪಂಜು ಕೋಣೆಯೊಳಗಿನ ಮಾರ್ದನಿಯನ್ನು ಸ್ವಲ್ಪ ಇಳಿಸುತ್ತದೆ, ಅಷ್ಟೇ.

ಸದ್ದು ತಡೆಯುವುದು ತೂಕ. ಗೋಡೆಯ ತೂಕ ಎರಡು ಪಟ್ಟಾದರೆ ಲೆಕ್ಕದ ಪ್ರಕಾರ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ. ಹಾಗಾಗಿ ಜಿಪ್ಸಂ ಬೋರ್ಡ್ ಎರಡು ಪದರ, ಸಂದುಗಳು ಒಂದರ ಮೇಲೊಂದು ಬರದ ಹಾಗೆ. ಗೋಡೆಯೊಳಗೆ ರಾಕ್‌ವುಲ್. ಎಲ್ಲಕ್ಕಿಂತ ಮೊದಲು ಸಂದು ಮುಚ್ಚುವುದು. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಜಾಗ ಇದ್ದರೆ ಗೋಡೆಗೆ ಮಾಡಿದ ಖರ್ಚೆಲ್ಲ ಆ ಸಂದಿಯಲ್ಲೇ ಸೋರಿಹೋಗುತ್ತದೆ. ಇನ್ನು ಮೆಷಿನ್ ನಡುಕ. ಕಂಪ್ರೆಸರನ್ನು ಗೋಡೆಗೆ ಬೋಲ್ಟ್ ಮಾಡಿದರೆ ಇಡೀ ಗೋಡೆಯೇ ಸ್ಪೀಕರ್ ಆಗುತ್ತದೆ. ಅದನ್ನು ನೆಲದ ಮೇಲೆ ರಬ್ಬರ್ ಪ್ಯಾಡ್ ಹಾಕಿ ನಿಲ್ಲಿಸಿ.

ಬಣ್ಣ ಯಾವುದು ಬಳಿಯಲಿ?

ಬಿಳಿ. ತೀರಾ ಬೇಸರವಾದರೆ ಬಿಳಿಗೆ ಹತ್ತಿರದ ಇನ್ಯಾವುದಾದರೂ. ಒಳ್ಳೆಯ ಬಿಳಿ ಬಣ್ಣ ಬಿದ್ದ ಬೆಳಕಿನ 80 ಶೇಕಡಾಕ್ಕೂ ಹೆಚ್ಚನ್ನು ವಾಪಸ್ ಕೊಡುತ್ತದೆ. ಬೆಂಚಿನ ಮೇಲೆ ನಿಮ್ಮ ತಲೆಯ ನೆರಳು ಬಿದ್ದಾಗ ಗುರುತಿನ ಗೆರೆ ಕಾಣಿಸುವುದು ಗೋಡೆ ಚಾವಣಿಗಳಿಂದ ಬರುವ ಈ ಬೆಳಕಿನಿಂದಲೇ. ಪ್ಲೈವುಡ್ಡನ್ನು ಹಾಗೇ ಬಿಟ್ಟರೆ ಮೊದಲು ಚೆಂದ ಕಾಣುತ್ತದೆ, ವರ್ಷ ಕಳೆದಂತೆ ಕಂದಾಗಿ ಕೋಣೆ ಮಂಕಾಗುತ್ತದೆ.

ಹೊಳಪಿನ ವಿಚಾರದಲ್ಲಿ ನಡುದಾರಿ ಹಿಡಿಯಿರಿ. ಮ್ಯಾಟ್ ಬಣ್ಣ ಹುಡಿಯನ್ನೂ ಕೈಕೊಳೆಯನ್ನೂ ಹಿಡಿದುಕೊಳ್ಳುತ್ತದೆ. ಪೂರ್ತಿ ಗ್ಲಾಸಿ ಆದರೆ ದೀಪ ಕಣ್ಣಿಗೆ ಹೊಡೆಯುತ್ತದೆ. ಸ್ಯಾಟಿನ್ ಅಥವಾ ಸೆಮಿ ಗ್ಲಾಸ್ ಎಮಲ್ಶನ್ ಸರಿ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಡಿಸ್ಟೆಂಪರ್ ಬೇಡ, ಒರೆಸಿದರೆ ಬಣ್ಣ ಬಟ್ಟೆಗೆ ಬರುತ್ತದೆ.

ಪ್ಲೈವುಡ್, ಓಎಸ್‌ಬಿಗಳ ಮೇಲೆ ನೇರವಾಗಿ ನೀರಿನ ಬಣ್ಣ ಬಳಿದರೆ ಮರದ ಕಂದು ಕಲೆ ಬಿಳಿಯನ್ನು ದಾಟಿ ಮೇಲೆ ಬರುತ್ತದೆ. ಕಲೆ ತಡೆಯುವ ಪ್ರೈಮರ್, ಆಯಿಲ್ ಅಥವಾ ಶೆಲ್ಲಾಕ್ (ಅರಗು) ಆಧಾರದ್ದು, ಒಂದು ಕೋಟ್ ಮೊದಲೇ ಹೊಡೆಯಿರಿ. ಶೀಟುಗಳನ್ನು ಗೋಡೆಗೆ ಏರಿಸುವ ಮೊದಲೇ ಅಂಚು ನಾಲ್ಕಕ್ಕೂ ಪ್ರೈಮರ್ ಬಳಿದರೆ ನೀರು ಕುಡಿಯುವುದು ಕಡಿಮೆಯಾಗುತ್ತದೆ.

ವೆಲ್ಡಿಂಗ್ ಮಾಡುವ ಮೂಲೆಗೂ ಇದೇ ಬಣ್ಣ ಆಗುತ್ತದೆಯೇ?

ಗೋಡೆ ಮಾತ್ರ ಉರಿಯದ ವಸ್ತುವಿನದಾಗಿರಲಿ, ಇಟ್ಟಿಗೆ ಅಥವಾ ಸಿಮೆಂಟ್ ಬೋರ್ಡ್. ಬಣ್ಣದಲ್ಲಿ ಹೊಳಪು ಬೇಡ. ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಇರುವ ಬಣ್ಣಗಳು ಆರ್ಕ್‌ನಿಂದ ಬರುವ ನೇರಳಾತೀತ ಕಿರಣವನ್ನು ಹೀರಿಕೊಳ್ಳುತ್ತವೆ. ಹೊಳೆಯುವ ಅಲ್ಯೂಮಿನಿಯಂ ತಗಡು ಅದನ್ನು ತಿರುಗಿಸಿ ಪಕ್ಕದಲ್ಲಿ ನಿಂತವರ ಕಣ್ಣಿಗೆ ಹಾಯಿಸುತ್ತದೆ.

ಸಂದುಗಳಿಗೆ ಟೇಪ್ ಹಚ್ಚಿ ಪುಟ್ಟಿ ಬಳಿಯಬೇಕೇ?

ಜಿಪ್ಸಂ ಬೋರ್ಡಿಗೆ ಹೌದು. ಬೆಂಕಿ ಮತ್ತು ಸದ್ದಿಗೆ ಒಂದು ಕೋಟ್ ಟೇಪಿಂಗ್ ಸಾಕು, ಮೂರು ಕೋಟ್ ಬಳಿದು ಉಜ್ಜುವುದು ವರ್ಕ್‌ಶಾಪಿಗೆ ಅನಗತ್ಯ. ಪ್ಲೈವುಡ್ ಸಂದುಗಳನ್ನು ಹಾಗೇ ಬಿಡಿ. ಅಲ್ಲಿ ಪುಟ್ಟಿ ಹಾಕಿದರೆ ಮರ ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆ.

ಉಪಕರಣ ತೂಗಿಹಾಕಲು ಪೆಗ್‌ಬೋರ್ಡ್ ಒಳ್ಳೆಯದೋ, ಫ್ರೆಂಚ್ ಕ್ಲೀಟೋ?

ಪೆಗ್‌ಬೋರ್ಡ್ ಸಣ್ಣ ಸಾಮಾನಿಗೆ ಅನುಕೂಲ. ಕೊಕ್ಕೆ ಸಿಕ್ಕಿಸಲು ಸಾಮಾನ್ಯವಾಗಿ ಇಂಚಿಗೊಂದು ತೂತು ಇರುತ್ತದೆ. ಬೋರ್ಡಿನ ಹಿಂದೆ ಕೊಕ್ಕೆ ತಿರುಗಲು ಜಾಗ ಬೇಕು, ಆದ್ದರಿಂದ ರೀಪಿನ ಮೇಲೆ ಕೂರಿಸಿ, ಗೋಡೆಗೆ ಅಂಟಿಸಬೇಡಿ. ಅದರ ಕಿರಿಕಿರಿ ಎಲ್ಲರಿಗೂ ಗೊತ್ತು. ಇಕ್ಕಳ ತೆಗೆದರೆ ಕೊಕ್ಕೆಯೂ ಜೊತೆಗೇ ಕಿತ್ತು ಬರುತ್ತದೆ.

ಫ್ರೆಂಚ್ ಕ್ಲೀಟ್ ಬಲವಾದದ್ದು. 18 ಮಿಲಿಮೀಟರ್ ಪ್ಲೈವುಡ್ಡಿನ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ. ಒಂದು ತುಂಡು ಗೋಡೆಗೆ, ಓರೆ ಮೇಲ್ಮುಖವಾಗಿ, ಚೂಪು ತುದಿ ಕೋಣೆಯ ಕಡೆಗೆ. ಇಳಿಜಾರು ಗೋಡೆಯ ಕಡೆಗಿರಬೇಕು. ಇನ್ನೊಂದು ತುಂಡನ್ನು ತಲೆಕೆಳಗು ಮಾಡಿ ಉಪಕರಣದ ಹೋಲ್ಡರಿನ ಬೆನ್ನಿಗೆ ಹೊಡೆಯಿರಿ. ಮೇಲಿನಿಂದ ಇಳಿಸಿದರೆ ಭಾರ ಹೆಚ್ಚಿದಷ್ಟೂ ಗೋಡೆಗೆ ಅಪ್ಪಿಕೊಳ್ಳುತ್ತದೆ. ಚೂಪು ತುದಿಯನ್ನು ಕೈರಂದದಲ್ಲಿ ಎರಡು ಮೂರು ಮಿಲಿಮೀಟರ್ ಹೆರೆದು ಮೊಂಡು ಮಾಡಿ. ಇಲ್ಲದಿದ್ದರೆ ಓರೆಯ ಸಂದಿಯಲ್ಲಿ ಮರದ ಹುಡಿ ತುಂಬಿ ಹೋಲ್ಡರ್ ಪೂರ್ತಿ ಕೂರದೆ ಅಲುಗಾಡುತ್ತದೆ. ಚೂಪು ತುದಿ ಮೊಣಕೈ ಗೀರುವುದೂ ತಪ್ಪುತ್ತದೆ. ಹೋಲ್ಡರಿನ ಕೆಳತುದಿಗೆ ಅದೇ ದಪ್ಪದ ಇನ್ನೊಂದು ಪಟ್ಟಿ ಕೊಡಿ, ಆಗ ನೆಟ್ಟಗೆ ನಿಲ್ಲುತ್ತದೆ.

ಇಡೀ ಗೋಡೆ ಕ್ಲೀಟ್ ತುಂಬುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಸಾಲಿನ ಮೇಲೂ ಹುಡಿ ಕೂರುತ್ತದೆ. ಬೆಂಚಿನ ಮೇಲ್ಗಡೆ ಎರಡು ಮೂರು ಸಾಲು ಸಾಕು, ಅಲ್ವಾ?

ಗೋಡೆ ನೆಲಕ್ಕೆ ಸೇರುವಲ್ಲಿ ಏನು ಮಾಡಬೇಕು?

ಶೀಟನ್ನು ನೆಲಕ್ಕೆ ಮುಟ್ಟಿಸಬೇಡಿ. ಕನಿಷ್ಠ 12 ಮಿಲಿಮೀಟರ್ ಎತ್ತಿ ನಿಲ್ಲಿಸಿ. ಕೆಳಗೆ ಒಂದು ತುಂಡು ಚಕ್ಕೆ ಇಟ್ಟು ಸ್ಕ್ರೂ ಹೊಡೆದು ಆಮೇಲೆ ಎಳೆದುಬಿಟ್ಟರೆ ಆಯಿತು. ನೆಲ ತೊಳೆಯುವವರಾದರೆ ಕೆಳಗಿನ ಒಂದು ಗೇಣು ಟೈಲ್ಸ್ ಅಥವಾ ಸಿಮೆಂಟ್ ಬೋರ್ಡ್ ಇರಲಿ. ಗೆದ್ದಲು ಇರುವ ಕಡೆ ರೀಪಿಗೂ ಶೀಟಿನ ಹಿಂಬದಿಗೂ ಗೆದ್ದಲು ನಿರೋಧಕ ಬಳಿದ ಮೇಲೇ ಮುಚ್ಚಿ.

ಹಳೆಯ ಬಣ್ಣವನ್ನು ಕೆರೆದು ತೆಗೆಯಬಹುದೇ?

ಮನೆ ಹಳೆಯದಾದರೆ ಒಣ ಉಜ್ಜುವಿಕೆ ಬೇಡ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದರ ಧೂಳು ಮಕ್ಕಳಿಗೆ ತುಂಬಾ ಅಪಾಯ. ಗಟ್ಟಿಯಾಗಿ ಕೂತಿರುವ ಬಣ್ಣವನ್ನು ಮುಟ್ಟದೆ ಮೇಲೆ ಪ್ರೈಮರ್ ಬಳಿಯುವುದೇ ಕ್ಷೇಮ. ಹಳೆಯ ಕಲ್ನಾರಿನ ಶೀಟುಗಳಿದ್ದರೆ ಕೊರೆಯಬೇಡಿ, ಮುರಿಯಬೇಡಿ, ಬಲ್ಲವರನ್ನು ಕರೆಸಿ.

ಬಾಡಿಗೆ ಮನೆ, ಗೋಡೆಗೆ ತೂತು ಮಾಡುವಂತಿಲ್ಲ.

ಗೋಡೆಯನ್ನು ಬಿಟ್ಟುಬಿಡಿ. ಬೆಂಚಿನ ಹಿಂಬದಿಗೆ ಎರಡು ಕಂಬ ಬೋಲ್ಟ್ ಮಾಡಿ ಅದಕ್ಕೇ ಪ್ಲೈವುಡ್ ಹೊಡೆಯಿರಿ. ಬೆಂಚಿನ ಭಾರವೇ ಅದನ್ನು ಹಿಡಿಯುತ್ತದೆ, ಮನೆ ಬಿಡುವಾಗ ಗೋಡೆಯೂ ನಿಮ್ಮ ಜೊತೆ ಬರುತ್ತದೆ.

ಎಷ್ಟು ಶೀಟ್ ತರಿಸಬೇಕು?

ಕೋಣೆಯ ಸುತ್ತಳತೆಯನ್ನು 1.22 ಮೀಟರಿನಿಂದ ಭಾಗಿಸಿ, ಮೇಲಿನ ಪೂರ್ಣ ಸಂಖ್ಯೆ ಹಿಡಿಯಿರಿ. 4 ಮೀಟರ್ ಉದ್ದ 3 ಮೀಟರ್ ಅಗಲದ ಕೋಣೆಗೆ ಸುತ್ತಳತೆ 14 ಮೀಟರ್, ಅಂದರೆ 12 ಶೀಟು. ಇದು ಗೋಡೆ 8 ಅಡಿ ಎತ್ತರಕ್ಕೆ. ಗೋಡೆ ಇನ್ನೂ ಎತ್ತರ ಇದ್ದರೆ ಮೇಲಿನ ಭಾಗವನ್ನು ಬರಿ ಬಣ್ಣಕ್ಕೆ ಬಿಡಬಹುದು. ಬಾಗಿಲು ಕಿಟಕಿಯ ಜಾಗವನ್ನು ಕಳೆಯಬೇಡಿ, ಕತ್ತರಿಸುವಾಗ ಹಾಳಾಗುವುದಕ್ಕೆ ಅದು ಸರಿಹೋಗುತ್ತದೆ. ಒಂದು 18 ಮಿಲಿಮೀಟರ್ ಶೀಟು 30 ಕಿಲೋ ದಾಟಬಹುದು, ಎತ್ತಲು ಇನ್ನೊಬ್ಬರನ್ನು ಕರೆದುಕೊಳ್ಳಿ. ಬಂದ ಶೀಟುಗಳನ್ನು ಗೋಡೆಗೆ ಒರಗಿಸಿಡದೆ ಮಟ್ಟಸವಾಗಿ ಮಲಗಿಸಿ, ಕೆಳಗೆ ಮೂರು ನಾಲ್ಕು ಪಟ್ಟಿ ಕೊಟ್ಟು. ಎರಡು ಮೂರು ದಿನ ಅದೇ ಕೋಣೆಯಲ್ಲಿ ಬಿಟ್ಟು ಅಲ್ಲಿನ ಹವೆಗೆ ಹೊಂದಿಕೊಂಡ ಮೇಲೆ ಕತ್ತರಿಸಲು ಶುರು ಮಾಡಿ.